ವೀಬೊ ನಿಜಕ್ಕೂ ಬಿತ್ತಾ? ಬೀಳಿಸಿದ್ದು ಯಾರು?

ಪ್ರಶ್ನೆ: ಟ್ವಿಟರ್ ಥರದ ಚೀನೀ ತಾಣ ವೀಬೊ ಬಗ್ಗೆ ಎರಡು ಥರದ ಮಾತು ಕೇಳುತ್ತೇನೆ. ಅದು 2013ರಲ್ಲೇ ಮುಗಿದ ಕಥೆ, ಸರ್ಕಾರ ಹೊಸಕಿ ಹಾಕಿತು ಅಂತ ಕೆಲವರು. ಜನ ವಾಟ್ಸ್ಆ್ಯಪ್ ಥರದ ವೀಚಾಟ್‌ಗೆ ಹೋದರು, ಸರ್ಕಾರದ ಪಾತ್ರ ಏನೂ ಇಲ್ಲ ಅಂತ ಇನ್ನು ಕೆಲವರು. ಆದರೆ ಚೀನಾದ ಸುದ್ದಿ ಬಂದಾಗಲೆಲ್ಲ ‘ವೀಬೊದಲ್ಲಿ ಟ್ರೆಂಡ್ ಆಯಿತು’ ಎಂಬ ಸಾಲು ಇವತ್ತಿಗೂ ಇರುತ್ತದೆ. ಯಾವುದು ಸರಿ? ಟ್ವಿಟರ್ ಥರದ್ದೇ ಆದ ನಮ್ಮ ಬೆಂಗಳೂರಿನ ‘ಕೂ’ ಮುಚ್ಚಿದಾಗಿನಿಂದ ಈ ಪ್ರಶ್ನೆ ತಲೆಯಲ್ಲಿದೆ. ಕೂಗೆ ಆಗದ್ದು ವೀಬೊಗೆ ಹೇಗಾಯಿತು?

ಉತ್ತರ: ಮೊದಲು ಚಿಕ್ಕ ಉತ್ತರ ಹೇಳಿಬಿಡುತ್ತೇನೆ. ವೀಬೊ ಎಂಬ ಕಂಪನಿ ಬೀಳಲಿಲ್ಲ. 2010ರಿಂದ 2013ರವರೆಗೆ ಅಲ್ಲಿ ನಡೆಯುತ್ತಿದ್ದ ಒಂದು ಕೆಲಸ ಬಿತ್ತು. ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಲಕ್ಷಾಂತರ ಜನ ಒಂದೇ ವಿಷಯ ಹಿಡಿದು, ‘ಇದಕ್ಕೆ ಉತ್ತರ ಕೊಡಿ’ ಎಂದು ಅಧಿಕಾರಿಗಳನ್ನು ಕೇಳುತ್ತಿದ್ದರಲ್ಲ, ಆ ಕೆಲಸ. ಅದನ್ನು ನಿಲ್ಲಿಸಿದ್ದು ಸರ್ಕಾರ. ವೀಚಾಟ್ ಆ ಹೊತ್ತಿಗೆ ಸರಿಯಾಗಿ ಇನ್ನೊಂದು ಬಾಗಿಲು ತೆರೆದಿತ್ತು. ಆಮೇಲೆ ವೀಬೊ ಬೇರೆಯದೇ ಒಂದು ವ್ಯಾಪಾರವಾಗಿ ಮತ್ತೆ ಬೆಳೆಯಿತು. ಹಾಗಾಗಿ ನೀವು ಕೇಳಿದ ಎರಡೂ ಮಾತಲ್ಲಿ ಅರ್ಧರ್ಧ ನಿಜ ಇದೆ. ಇನ್ನು ಉದ್ದ ಉತ್ತರ.

ವೀಬೊಗಿಂತ ಮೊದಲು ಚೀನಾದಲ್ಲಿ ಫಾನ್‌ಫೋ ಎಂಬ ತಾಣ ಇತ್ತು. 2007ರ ಮೇ ತಿಂಗಳಲ್ಲಿ ವಾಂಗ್ ಶಿಂಗ್ ಎಂಬ ಯುವಕ ಶುರು ಮಾಡಿದ್ದು. ಇದೇ ವಾಂಗ್ ಶಿಂಗ್ ಆಮೇಲೆ ಮೇತ್ವಾನ್ ಕಟ್ಟಿದರು, ಮನೆಗೆ ಊಟ ತಲುಪಿಸುವ ಚೀನಾದ ದೊಡ್ಡ ಕಂಪನಿ. ಫಾನ್‌ಫೋ ಚೆನ್ನಾಗಿಯೇ ನಡೆಯುತ್ತಿತ್ತು. 2009ರ ಜುಲೈ 5ರಂದು ಶಿನ್‌ಜಿಯಾಂಗ್‌ನ ಉರುಮ್ಚಿಯಲ್ಲಿ ದೊಡ್ಡ ಗಲಭೆ ಆಯಿತು. ಎರಡೇ ದಿನದಲ್ಲಿ ಫಾನ್‌ಫೋ ಬಂದ್. ಟ್ವಿಟರ್‌ಗೆ ಜೂನ್‌ನಲ್ಲೇ ತಡೆ ಬಿದ್ದಿತ್ತು, ತಿಯಾನನ್‌ಮೆನ್ ಚೌಕದ ಪ್ರತಿಭಟನೆಯನ್ನು ಸೇನೆ ಹತ್ತಿಕ್ಕಿ 20 ವರ್ಷ ತುಂಬುವ ಹೊತ್ತು ಅದು. ಜುಲೈನಲ್ಲಿ ಫೇಸ್‌ಬುಕ್ ಕೂಡ ಹೋಯಿತು. ಫಾನ್‌ಫೋ ಮತ್ತೆ ತೆರೆದದ್ದು 2010ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ಆಟವೇ ಬದಲಾಗಿತ್ತು.

ಏಕೆಂದರೆ 2009ರ ಆಗಸ್ಟ್ 14ರಂದು ಸಿನಾ ಕಂಪನಿ ತನ್ನ ವೀಬೊವನ್ನು ಪ್ರಯೋಗಕ್ಕೆ ಬಿಟ್ಟಿತ್ತು. ಪ್ರತಿಸ್ಪರ್ಧಿಗಳೆಲ್ಲ ಬಾಗಿಲು ಹಾಕಿಕೊಂಡು ತಿಂಗಳ ಮೇಲೆ ಸ್ವಲ್ಪ ದಿನ ಆಗಿತ್ತು, ಅಷ್ಟೇ. ಇದು ಬರೀ ಅದೃಷ್ಟ ಅಲ್ಲ. ಸಿನಾ ಆಗಲೇ ದೊಡ್ಡ ಸುದ್ದಿತಾಣ. ಏನನ್ನು ಇಡಬೇಕು, ಏನನ್ನು ತೆಗೆಯಬೇಕು ಎಂದು ವರ್ಷಗಟ್ಟಲೆ ಸರ್ಕಾರದ ಜೊತೆ ಏಗಿ ಕಲಿತಿತ್ತು. ಹೊಸ ಹುಡುಗರ ಕಂಪನಿಗೆ ಸಿಗದ ನಂಬಿಕೆ ಸಿನಾಗೆ ಸಿಕ್ಕಿತು. ಹುಟ್ಟಿದ ದಿನದಿಂದಲೂ ಈ ಸೇವೆಯ ಬೆನ್ನಿಗೆ ಅಳಿಸುವ ಸಿಬ್ಬಂದಿ ಇದ್ದರು. ವೀಬೊದ ಕಥೆ ಓದುವಾಗ ಇದನ್ನು ಮರೆಯಬಾರದು. ‘ಮೊದಲು ಸ್ವಾತಂತ್ರ್ಯ ಇತ್ತು, ಆಮೇಲೆ ಹೋಯಿತು’ ಎಂದು ಸರಳವಾಗಿ ಹೇಳುವಂತಿಲ್ಲ.

ಸಿನಾ ಮಾಡಿದ ಜಾಣತನದ ಕೆಲಸ ಅಂದರೆ ಹೆಸರುವಾಸಿಗಳನ್ನು ಕರೆತಂದದ್ದು. ಬ್ಲಾಗ್‌ಗಳ ಕಾಲದಲ್ಲೇ ಅದಕ್ಕೆ ಈ ಅಭ್ಯಾಸ ಇತ್ತು. ನಟರು, ಬಿಲ್ಡರ್‌ಗಳು, ವಕೀಲರು, ಪತ್ರಕರ್ತರು, ಪ್ರೊಫೆಸರ್‌ಗಳು ಎಲ್ಲರಿಗೂ ಅಕೌಂಟ್ ತೆರೆಸಿತು. ಅಸಲಿ ವ್ಯಕ್ತಿ ಎಂದು ಪರಿಶೀಲಿಸಿ ಹೆಸರಿನ ಪಕ್ಕದಲ್ಲಿ ‘ವಿ’ ಗುರುತು ಹಾಕಿತು. ನಟಿ ಯಾವ್ ಚೆನ್ ಅವರನ್ನು ‘ವೀಬೊದ ರಾಣಿ’ ಎಂದೇ ಕರೆಯುತ್ತಿದ್ದರು. ಗೂಗಲ್‌ನ ಚೀನಾ ಘಟಕ ನಡೆಸಿದ್ದ ಕೈ-ಫು ಲೀ, ಬೀಜಿಂಗ್‌ನ ಬಿಲ್ಡರ್ ಪಾನ್ ಶಿಯಿ ಇವರಿಗೆಲ್ಲ ಕೋಟಿ ಲೆಕ್ಕದಲ್ಲಿ ಫಾಲೋವರ್‌ಗಳು. ಇಂಥವರನ್ನು ‘ದೊಡ್ಡ ವಿ’ ಎನ್ನುತ್ತಿದ್ದರು. ಈ ಪದ ಮುಂದೆ ಮತ್ತೆ ಬರುತ್ತದೆ.

ಇನ್ನೊಂದು ಸಂಗತಿಯನ್ನು ಹೊರಗಿನವರು ಗಮನಿಸುವುದು ಕಡಿಮೆ. ಟ್ವಿಟರ್‌ನಂತೆ ವೀಬೊಗೂ 140ರ ಮಿತಿ. ಆದರೆ ಚೀನೀ ಲಿಪಿಯಲ್ಲಿ ಒಂದೊಂದು ಅಕ್ಷರವೂ ಹೆಚ್ಚುಕಡಿಮೆ ಒಂದು ಪದದಷ್ಟು, ಇಲ್ಲವೇ ಅರ್ಧ ಪದದಷ್ಟು ತೂಕದ್ದು. 140ರಲ್ಲಿ ಪುಟ್ಟ ಪತ್ರಿಕಾ ಸುದ್ದಿಯೇ ಹಿಡಿಸುತ್ತದೆ: ಎಲ್ಲಿ, ಯಾವಾಗ, ಯಾರು, ಮುಂದೇನಾಯಿತು, ಎಲ್ಲಾ. ಕನ್ನಡದಲ್ಲಿ ಟ್ವೀಟ್ ಮಾಡುತ್ತಿದ್ದವರಿಗೆ ಉಲ್ಟಾ ಕಷ್ಟ ನೆನಪಿರಬಹುದು. ಒತ್ತು, ಗುಣಿತದ ಚಿಹ್ನೆ ಎಲ್ಲವನ್ನೂ ಬೇರೆ ಬೇರೆ ಎಣಿಸಿ, ಎರಡು ವಾಕ್ಯ ಮುಗಿಯುವಷ್ಟರಲ್ಲಿ ಜಾಗ ಖಾಲಿ ಆಗುತ್ತಿತ್ತು. ವೀಬೊದಲ್ಲಿ ಫೋಟೊ ಪೋಸ್ಟ್‌ನೊಳಗೇ ಕಾಣುತ್ತಿತ್ತು. ಕಾಮೆಂಟ್‌ಗಳು ಪೋಸ್ಟ್‌ನ ಕೆಳಗೇ ಸಾಲಾಗಿ ಬರುತ್ತಿದ್ದವು. ರೀಪೋಸ್ಟ್ ಮಾಡುವಾಗ ನಿಮ್ಮ ಮಾತನ್ನೂ ಸೇರಿಸಬಹುದಿತ್ತು. ಆಗಿನ ಟ್ವಿಟರ್‌ನಲ್ಲಿ ಇವು ಯಾವುವೂ ಹೀಗಿರಲಿಲ್ಲ. ಒಂದು ಘಟನೆಯ ಸುತ್ತ ಜನ ಜಮಾಯಿಸಲು ಇದಕ್ಕಿಂತ ಒಳ್ಳೆ ಸಾಧನ ಆಗ ಇರಲಿಲ್ಲ.

ಬೆಳವಣಿಗೆ ಹೇಗಿತ್ತು ಎಂದರೆ, ಚೀನಾದ ಅಧಿಕೃತ ಇಂಟರ್‌ನೆಟ್ ಸಂಸ್ಥೆ ಸಿಎನ್‌ಎನ್‌ಐಸಿ ಲೆಕ್ಕದಲ್ಲಿ 2010ರ ಕೊನೆಗೆ ಮೈಕ್ರೊಬ್ಲಾಗ್ (ಇಂಥ ಪುಟ್ಟ ಬರಹಗಳ ತಾಣ, ಚೀನೀ ಭಾಷೆಯಲ್ಲಿ ‘ವೀಬೊ’ ಅಂದರೆ ಇದೇ) ಬಳಸುತ್ತಿದ್ದವರು ಸುಮಾರು 6.3 ಕೋಟಿ. ಆರೇ ತಿಂಗಳಲ್ಲಿ 19.5 ಕೋಟಿ. 2012ರ ಕೊನೆಗೆ 30.9 ಕೋಟಿ. ಇದು ಸಿನಾ ಒಂದರದ್ದೇ ಅಲ್ಲ. ಟೆನ್ಸೆಂಟ್, ಸೋಹು, ನೆಟ್‌ಈಸ್ ಎಲ್ಲರೂ ತಮ್ಮ ತಮ್ಮ ವೀಬೊ ತೆರೆದಿದ್ದರು. ಆದರೆ ಮಾತು ಹುಟ್ಟುತ್ತಿದ್ದದ್ದು ಸಿನಾದಲ್ಲಿ.

ಆ ಮಾತಿಗೆ ಎಷ್ಟು ಶಕ್ತಿ ಇತ್ತು ಎಂದು ತಿಳಿಯಬೇಕಾದರೆ 2011ರ ಜುಲೈ 23ರ ರಾತ್ರಿಯನ್ನು ನೋಡಬೇಕು. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಝೆಜಿಯಾಂಗ್ ಪ್ರಾಂತ್ಯದ ವೆನ್‌ಝೌ ನಗರದ ಹತ್ತಿರ ಗುಡುಗು ಸಿಡಿಲಿನ ಮಳೆ. ಸಿಗ್ನಲ್ ಕೆಟ್ಟಿದೆ. ಹೈಸ್ಪೀಡ್ ರೈಲೊಂದು ಸೇತುವೆಯ ಮೇಲೆ ತೆವಳುತ್ತಿದೆ. ಹಳಿಯ ಹತ್ತಿರ ಮನೆ ಇದ್ದ ಒಬ್ಬರು ಕಿಟಕಿಯಿಂದ ನೋಡಿ, ‘ಏನಾಗಿದೆ ಈ ರೈಲಿಗೆ, ಬಸವನಹುಳಕ್ಕಿಂತ ನಿಧಾನ ಹೋಗ್ತಿದೆ’ ಎಂಬರ್ಥದಲ್ಲಿ ವೀಬೊದಲ್ಲಿ ಬರೆದರು. ಕೆಲವೇ ನಿಮಿಷಗಳಲ್ಲಿ, ರಾತ್ರಿ ಎಂಟೂವರೆಯ ಹೊತ್ತಿಗೆ, ಹಿಂದಿನಿಂದ ಬಂದ ಇನ್ನೊಂದು ರೈಲು ಅದಕ್ಕೆ ಗುದ್ದಿತು. ನಾಲ್ಕು ಬೋಗಿ ಸೇತುವೆಯಿಂದ ಕೆಳಗೆ ಬಿದ್ದವು. ಒಳಗೆ ಸಿಕ್ಕಿಕೊಂಡಿದ್ದ ಪ್ರಯಾಣಿಕರೊಬ್ಬರು ಫೋನಿನಿಂದ ಬರೆದರು: ಕಾಪಾಡಿ, ರೈಲು ಹಳಿ ತಪ್ಪಿದೆ, ಬೋಗಿ ತುಂಬ ಮಕ್ಕಳ ಅಳು, ಸಿಬ್ಬಂದಿ ಒಬ್ಬರೂ ಬಂದಿಲ್ಲ. ಆ ಪೋಸ್ಟ್ ಒಂದು ಲಕ್ಷಕ್ಕೂ ಹೆಚ್ಚು ಸಲ ರೀಪೋಸ್ಟ್ ಆಯಿತು. ಸರ್ಕಾರಿ ಮಾಧ್ಯಮ ಇನ್ನೂ ಬಾಯಿ ಬಿಟ್ಟಿರಲಿಲ್ಲ. ವೆನ್‌ಝೌ ಜನ ವೀಬೊ ನೋಡಿ ಆ ರಾತ್ರಿಯೇ ರಕ್ತ ಕೊಡಲು ಸಾಲು ನಿಂತರು.

40 ಜನ ತೀರಿಕೊಂಡರು. ಮಾರನೇ ಬೆಳಗ್ಗೆ ಇನ್ನೊಂದು ದೃಶ್ಯ ಹರಡಿತು. ಜೆಸಿಬಿಗಳು ಅಲ್ಲೇ ಗುಂಡಿ ತೋಡಿ ಒಡೆದ ಬೋಗಿಯ ಭಾಗಗಳನ್ನು ಹೂಳುತ್ತಿವೆ! ಹುಡುಕಾಟ ಮುಗಿಯಿತು ಎಂದ ಮೇಲೂ ಒಂದು ಪುಟ್ಟ ಮಗು ಜೀವಂತ ಸಿಕ್ಕಿತು. ಜುಲೈ 24ರ ರಾತ್ರಿ ರೈಲ್ವೆ ಸಚಿವಾಲಯದ ವಕ್ತಾರ ವಾಂಗ್ ಯೊಂಗ್‌ಪಿಂಗ್ ಪತ್ರಕರ್ತರ ಮುಂದೆ ಕೂತರು. ಬೋಗಿ ಯಾಕೆ ಹೂತಿರಿ ಎಂದು ಕೇಳಿದ್ದಕ್ಕೆ, ರಕ್ಷಣಾ ಕೆಲಸಕ್ಕೆ ಜಾಗ ಬೇಕಿತ್ತಂತೆ ಎಂದು ವಿವರಿಸಿ, ‘ನೀವು ನಂಬಿದರೂ ಸರಿ, ಬಿಟ್ಟರೂ ಸರಿ, ನಾನಂತೂ ನಂಬುತ್ತೇನೆ’ ಎಂದರು. ಆ ಮಾತು ದೇಶದ ತುಂಬ ಜನರ ಬಾಯಲ್ಲಿ ಕುಳಿತಿತು. ಕೆಲವೇ ದಿನದಲ್ಲಿ ಎರಡು ದೊಡ್ಡ ಮೈಕ್ರೊಬ್ಲಾಗ್‌ಗಳಲ್ಲಿ ಸೇರಿ ಈ ಅಪಘಾತದ ಬಗ್ಗೆ 2.6 ಕೋಟಿಯಷ್ಟು ಪೋಸ್ಟ್ ಬಂದವು ಎಂದು ಆಗಿನ ಪತ್ರಿಕೆಗಳು ಬರೆದಿದ್ದವು. ಹೂತ ಬೋಗಿಯನ್ನು ಮತ್ತೆ ಅಗೆದು ತೆಗೆದರು. ವಕ್ತಾರರ ಹುದ್ದೆ ಹೋಯಿತು. ಡಿಸೆಂಬರ್‌ನಲ್ಲಿ ಬಂದ ತನಿಖಾ ವರದಿ ಸಿಗ್ನಲ್ ವ್ಯವಸ್ಥೆಯ ದೋಷವನ್ನೂ ಆಡಳಿತದ ತಪ್ಪನ್ನೂ ಒಪ್ಪಿಕೊಂಡು, 54 ಜನ ಅಧಿಕಾರಿಗಳನ್ನು ಹೊಣೆ ಮಾಡಿತು.

ಚೀನಾದಲ್ಲಿ ಒಂದು ಸಚಿವಾಲಯ ಹೀಗೆ ಬಹಿರಂಗವಾಗಿ ಉತ್ತರ ಹೇಳಬೇಕಾಗಿ ಬಂದದ್ದು ಎಷ್ಟು ಅಪರೂಪ ಗೊತ್ತಾ? ನನ್ನ ಮಟ್ಟಿಗೆ ವೀಬೊದ ಶಿಖರ ಅದೇ. ಷೇರು ಬೆಲೆ ಏರಿದ ದಿನಗಳು ಅಲ್ಲ.

ಆ ವರ್ಷ ಇನ್ನೂ ಒಳ್ಳೆಯ ಕೆಲಸಗಳು ನಡೆದವು. ಹಳ್ಳಿ ಶಾಲೆಯ ಮಕ್ಕಳು ಮಧ್ಯಾಹ್ನ ಹಸಿದಿರುತ್ತಾರೆ ಎಂದು ಪತ್ರಕರ್ತ ದೆಂಗ್ ಫೇ ವೀಬೊದಲ್ಲಿ ಶುರು ಮಾಡಿದ ‘ಉಚಿತ ಊಟ’ ಅಭಿಯಾನಕ್ಕೆ ಜನ ಮೂರು ಮೂರು ಯುವಾನ್ ಕೊಟ್ಟರು. ಅಕ್ಟೋಬರ್ ಹೊತ್ತಿಗೆ ಕೇಂದ್ರ ಸರ್ಕಾರವೇ 2.6 ಕೋಟಿ ಮಕ್ಕಳಿಗೆ ವರ್ಷಕ್ಕೆ 1,600 ಕೋಟಿ ಯುವಾನ್‌ನ ಯೋಜನೆ ತಂದಿತು. ಬೀಜಿಂಗ್‌ನ ಹೊಗೆಮಂಜಿನ ಬಗ್ಗೆ ಪಾನ್ ಶಿಯಿ ವೀಬೊದಲ್ಲಿ ಜನಮತ ಕೇಳಿದರು. ಪಿಎಂ 2.5 (ಗಾಳಿಯಲ್ಲಿನ ಅತಿ ಸಣ್ಣ ಕಣಗಳು) ಅಳೆದು ಪ್ರಕಟಿಸಿ ಎಂಬ ಒತ್ತಾಯ ಜೋರಾಯಿತು, ಮುಂದಿನ ವರ್ಷ ಸರ್ಕಾರ ಅದಕ್ಕೆ ಮಾನದಂಡವನ್ನೇ ತಂದಿತು. ಇವುಗಳಿಗೆ ವೀಬೊ ಒಂದೇ ಕಾರಣ ಎನ್ನಲಾಗದು. ಆದರೆ ವೀಬೊ ಇಲ್ಲದೆ ಇಷ್ಟು ಬೇಗ ಆಗುತ್ತಿರಲಿಲ್ಲ ಎಂಬುದರಲ್ಲಿ ನನಗೆ ಅನುಮಾನ ಇಲ್ಲ.

ಸರ್ಕಾರಕ್ಕೆ ಇದು ಹೇಗೆ ಕಂಡಿರಬೇಕು ಎಂಬುದನ್ನೂ ಯೋಚಿಸಿ. ಟೀಕೆಗೆ ಅವರು ಅಷ್ಟಾಗಿ ಹೆದರುವುದಿಲ್ಲ. ಹಾರ್ವರ್ಡ್‌ನ ಗ್ಯಾರಿ ಕಿಂಗ್ ಮತ್ತು ಜೊತೆಗಾರರು ಲಕ್ಷಗಟ್ಟಲೆ ಪೋಸ್ಟ್‌ಗಳನ್ನು ನೋಡಿ 2013ರಲ್ಲಿ ಹೇಳಿದ್ದು ಇದನ್ನೇ. ಅಧಿಕಾರಿಗಳನ್ನು ಬೈದರೆ ಎಷ್ಟೋ ಸಲ ಉಳಿಯುತ್ತದೆ. ಜನ ಒಂದುಗೂಡುವ ಸೂಚನೆ ಇದ್ದರೆ ಹೋಗುತ್ತದೆ, ಹೊಗಳಿಕೆಯೇ ಆಗಿದ್ದರೂ ಹೋಗುತ್ತದೆ. ಅಂದರೆ ವೀಬೊ ಯಾವುದರಲ್ಲಿ ಗಟ್ಟಿಯೋ ಅದೇ ಸರ್ಕಾರಕ್ಕೆ ಬೇಡವಾದದ್ದು.

ಬಿಗಿ ಮಾಡಿದ್ದು ಹಂತ ಹಂತವಾಗಿ. 2011ರ ಡಿಸೆಂಬರ್‌ನಲ್ಲಿ ಬೀಜಿಂಗ್ ನಗರಾಡಳಿತ ಅಸಲಿ ಹೆಸರಿನ ನೋಂದಣಿ ಕಡ್ಡಾಯ ಮಾಡಿತು, 2012ರ ಮಾರ್ಚ್ 16ರ ಗಡುವು. ಅಷ್ಟು ಬೇಗ ಎಲ್ಲರನ್ನೂ ಪರಿಶೀಲಿಸಲು ಆಗಲಿಲ್ಲ ಎಂದು ಸಿನಾ ಅಮೆರಿಕದ ಷೇರು ನಿಯಂತ್ರಕರಿಗೆ ಬರೆದುಕೊಟ್ಟಿತ್ತು. ಅದೇ ವಸಂತದಲ್ಲಿ ಚಾಂಗ್‌ಚಿಂಗ್‌ನ ಪಕ್ಷದ ನಾಯಕ ಬೊ ಶಿಲಾಯ್ ಪತನದ ಸುತ್ತ ಬೀಜಿಂಗ್‌ನಲ್ಲಿ ಕ್ಷಿಪ್ರಕ್ರಾಂತಿ ಆಯಿತಂತೆ ಎಂಬ ಗಾಳಿಸುದ್ದಿ ಎದ್ದಿತು. ಶಿಕ್ಷೆಯಾಗಿ ಮಾರ್ಚ್ 31ರಿಂದ ಏಪ್ರಿಲ್ 3ರವರೆಗೆ ಸಿನಾ, ಟೆನ್ಸೆಂಟ್ ಎರಡರಲ್ಲೂ ಕಾಮೆಂಟ್ ಬಂದ್. ಪೋಸ್ಟ್ ಹಾಕಬಹುದು, ಯಾರೂ ಅದರ ಕೆಳಗೆ ಮಾತಾಡುವಂತಿಲ್ಲ.

ಅಳಿಸುವ ಕೆಲಸ ಎಷ್ಟು ಚುರುಕಾಗಿತ್ತು ಎಂಬುದಕ್ಕೆ ಅಮೆರಿಕದ ಸಂಶೋಧಕರ ತಂಡವೊಂದು 2013ರಲ್ಲಿ ಲೆಕ್ಕ ಕೊಟ್ಟಿದೆ. ಅಳಿಸಿ ಹೋದ ಪೋಸ್ಟ್‌ಗಳಲ್ಲಿ ಸುಮಾರು ಶೇ 30ರಷ್ಟು 5ರಿಂದ 30 ನಿಮಿಷದೊಳಗೆ ಹೋಗುತ್ತಿದ್ದವು. ಶೇ 90ರಷ್ಟು ಒಂದು ದಿನದೊಳಗೆ. ಇದು ಬರೀ ಯಂತ್ರದ ಕೆಲಸ ಅಲ್ಲ. ತಿಯಾನ್‌ಜಿನ್‌ನ ಒಂದು ಕಚೇರಿಯಲ್ಲಿ ಸುಮಾರು 150 ಜನ, ಹೆಚ್ಚಿನವರು ಈಗಷ್ಟೇ ಕಾಲೇಜು ಮುಗಿಸಿದ ಹುಡುಗರು, ಹಗಲು ರಾತ್ರಿ ಪಾಳಿಯಲ್ಲಿ ಕೂತು ಪೋಸ್ಟ್‌ಗಳನ್ನು ತೂಗುತ್ತಿದ್ದರು ಎಂದು ರಾಯ್ಟರ್ಸ್ ಆ ವರ್ಷ ವರದಿ ಮಾಡಿತು. ಎಲ್ಲವನ್ನೂ ಅಳಿಸುತ್ತಲೂ ಇರಲಿಲ್ಲ. ಕೆಲವನ್ನು ಬರೆದವರಿಗೆ ಮಾತ್ರ ಕಾಣುವಂತೆ ಮಾಡುತ್ತಿದ್ದರು. ನಿಮ್ಮ ಪೋಸ್ಟ್ ನಿಮಗೆ ಕಾಣುತ್ತದೆ, ಬೇರೆ ಯಾರಿಗೂ ಕಾಣುವುದಿಲ್ಲ. ಉತ್ತರ ಬರಲಿಲ್ಲ ಅಂದರೆ ಯಾರಿಗೂ ಆಸಕ್ತಿ ಇಲ್ಲ ಎಂದು ನೀವೇ ಅಂದುಕೊಂಡು ಸುಮ್ನೆ ಆಗುತ್ತೀರಿ. ಅಳಿಸುವುದಕ್ಕಿಂತ ಇದೇ ಕ್ರೂರ ಅನಿಸುತ್ತದೆ ನನಗೆ.

ಇಷ್ಟಾದರೂ ಜನ ಬಿಡಲಿಲ್ಲ. ಅಕೌಂಟ್ ಹೋದರೆ ಹೊಸ ಹೆಸರಲ್ಲಿ ಮತ್ತೆ ಬರುತ್ತಿದ್ದರು. 2012ರ ಆಗಸ್ಟ್‌ನಲ್ಲಿ ಶಾನ್‌ಶಿ ಪ್ರಾಂತ್ಯದ ಯಾನ್‌ಆನ್ ಹತ್ತಿರ ಬಸ್ಸು, ಟ್ಯಾಂಕರ್ ಡಿಕ್ಕಿಯಾಗಿ 36 ಜನ ಸುಟ್ಟು ಸತ್ತರು. ಸ್ಥಳಕ್ಕೆ ಬಂದ ಸುರಕ್ಷತಾ ಅಧಿಕಾರಿ ಯಾಂಗ್ ದಾಚಾಯ್ ನಗುತ್ತಿದ್ದ ಫೋಟೊ ಹರಡಿತು. ಜನ ಅವರ ಹಳೆಯ ಫೋಟೊಗಳನ್ನೆಲ್ಲ ಹುಡುಕಿ, ಕೈಯಲ್ಲಿದ್ದ ಒಂದೊಂದು ದುಬಾರಿ ವಾಚನ್ನೂ ಬ್ರ್ಯಾಂಡ್ ಸಮೇತ ಪಟ್ಟಿ ಮಾಡಿದರು. ಸರ್ಕಾರಿ ಸಂಬಳದಲ್ಲಿ ಇಷ್ಟು ವಾಚು ಎಲ್ಲಿಂದ? ಕೆಲಸ ಹೋಯಿತು. 2013ರ ಸೆಪ್ಟೆಂಬರ್ 5ರಂದು ಭ್ರಷ್ಟಾಚಾರಕ್ಕೆ 14 ವರ್ಷ ಜೈಲಾಯಿತು.

ಈಗ ತಾರೀಕು ನೋಡಿ. ಆ ತೀರ್ಪು ಬಂದು ನಾಲ್ಕೇ ದಿನಕ್ಕೆ, ಸೆಪ್ಟೆಂಬರ್ 9ರಂದು, ಚೀನಾದ ಸುಪ್ರೀಂ ಕೋರ್ಟು ಮತ್ತು ಅಭಿಯೋಜನಾ ಇಲಾಖೆ ಸೇರಿ ಹೊಸ ನಿಯಮ ಪ್ರಕಟಿಸಿದವು. ಮಾನಹಾನಿ ಎನಿಸುವ ಸುಳ್ಳು ಪೋಸ್ಟ್ 500 ಸಲ ರೀಪೋಸ್ಟ್ ಆದರೆ ಅಥವಾ 5,000 ಸಲ ನೋಡಲ್ಪಟ್ಟರೆ, ಬರೆದವರಿಗೆ ಮೂರು ವರ್ಷದವರೆಗೆ ಜೈಲು. ಯಾವುದು ಸುಳ್ಳು ಎಂದು ಮೊದಲು ಹೇಳುವವರು ಪೊಲೀಸರೇ. ಎಷ್ಟು ಸಲ ರೀಪೋಸ್ಟ್ ಆಗಬೇಕು ಎಂಬುದು ಬರೆದವರ ಕೈಯಲ್ಲಿಲ್ಲ. ಕೆಲವೇ ದಿನಗಳಲ್ಲಿ ಗಾನ್ಸು ಪ್ರಾಂತ್ಯದಲ್ಲಿ 16 ವರ್ಷದ ಶಾಲಾ ಹುಡುಗನನ್ನು ಹಿಡಿದರು. ಊರಿನ ಒಂದು ಸಾವಿನ ಬಗ್ಗೆ ಪೊಲೀಸರು ಹೇಳಿದ್ದನ್ನು ಅವನು ಪ್ರಶ್ನಿಸಿದ್ದ. ದೇಶದ ತುಂಬ ವಿರೋಧ ಬಂದು ಅವನನ್ನು ಬಿಟ್ಟರು. ಆದರೆ ಸಂದೇಶ ಮುಟ್ಟಬೇಕಾದವರಿಗೆ ಮುಟ್ಟಿತ್ತು.

ಅದಕ್ಕೆ ಮುಂಚೆ, ಆಗಸ್ಟ್‌ನಲ್ಲಿ, ‘ದೊಡ್ಡ ವಿ’ಗಳ ಸರದಿ ಬಂದಿತ್ತು. ಇಂಟರ್‌ನೆಟ್ ಇಲಾಖೆಯ ಮುಖ್ಯಸ್ಥ ಲು ವೇ ಈ ‘ದೊಡ್ಡ ವಿ’ಗಳನ್ನು ಕರೆಸಿ ದಾಟಬಾರದ ಏಳು ಗೆರೆಗಳನ್ನು ತಿಳಿಸಿದರು. ಆಗಸ್ಟ್ 23ರಂದು 1.2 ಕೋಟಿ ಫಾಲೋವರ್‌ಗಳಿದ್ದ ಹೂಡಿಕೆದಾರ ಚಾರ್ಲ್ಸ್ ಶ್ವೆ ಅವರನ್ನು ವೇಶ್ಯಾವಾಟಿಕೆ ಆರೋಪದಲ್ಲಿ ಬಂಧಿಸಿದರು. ಸೆಪ್ಟೆಂಬರ್‌ನಲ್ಲಿ ಅವರು ಸರ್ಕಾರಿ ಟಿವಿಯಲ್ಲಿ ಕಾಣಿಸಿಕೊಂಡರು. ಮಾತಾಡಿದ್ದರಲ್ಲಿ ಬಹುಪಾಲು ಆ ಆರೋಪದ ಬಗ್ಗೆ ಅಲ್ಲವೇ ಅಲ್ಲ. ವೀಬೊದಲ್ಲಿ ಪರಿಶೀಲಿಸದೆ ಬರೆದೆ, ಚಕ್ರವರ್ತಿಯಂತೆ ಭಾವಿಸಿದೆ ಎಂದು ಪಶ್ಚಾತ್ತಾಪ ಪಟ್ಟರು. ಮಿಕ್ಕವರು ಅದನ್ನು ನೋಡಿ ಪ್ರವಾಸದ ಫೋಟೊ, ಆರೋಗ್ಯದ ಸಲಹೆ ಹಾಕತೊಡಗಿದರು. ಏಳು ಗೆರೆ ಎಳೆದ ಲು ವೇ ಅವರಿಗೇ 2019ರಲ್ಲಿ ಲಂಚದ ಕೇಸಿನಲ್ಲಿ 14 ವರ್ಷ ಜೈಲಾಯಿತು. ಗೆರೆಗಳು ಮಾತ್ರ ಉಳಿದವು.

ವೀಚಾಟ್ ಇಲ್ಲಿ ಬರುತ್ತದೆ. ಟೆನ್ಸೆಂಟ್ ಅದನ್ನು ತಂದದ್ದು 2011ರ ಜನವರಿಯಲ್ಲಿ. 2012ರ ಮಾರ್ಚ್‌ಗೆ 10 ಕೋಟಿ ಜನ, 2013ರ ಜನವರಿಗೆ 30 ಕೋಟಿ. ಅಂದರೆ ಬಂಧನಗಳು ಶುರುವಾಗುವ ಮುಂಚೆಯೇ ಅದು ಓಡುತ್ತಿತ್ತು. ‘ಸರ್ಕಾರದ ಪಾತ್ರ ಇಲ್ಲ’ ಎನ್ನುವವರ ಬಲವಾದ ವಾದ ಇದೇ, ಮತ್ತು ಅದನ್ನು ತಳ್ಳಿಹಾಕಬಾರದು. ವೀಬೊದಲ್ಲಿ ಆಗಲೇ ನಕಲಿ ಫಾಲೋವರ್‌ಗಳು, ಜಾಹೀರಾತಿನ ಕಸ ಜಾಸ್ತಿ ಆಗಿತ್ತು. ಸಾಮಾನ್ಯ ಮನುಷ್ಯ ಬರೆದರೆ ಓದುವವರೇ ಇಲ್ಲ, ಎಲ್ಲರ ಕಣ್ಣೂ ‘ವಿ’ಗಳ ಮೇಲೆ. ವೀಚಾಟ್‌ನಲ್ಲಿ ಅಮ್ಮನಿಗೆ ಧ್ವನಿ ಸಂದೇಶ ಕಳಿಸಬಹುದು, ಗೆಳೆಯರ ಫೋಟೊ ನೋಡಬಹುದು.

ಆದರೆ ಎರಡೂ ಒಂದೇ ಥರದ ಜಾಗ ಅಲ್ಲ. ವೀಬೊ ಊರ ಅರಳಿಕಟ್ಟೆ, ವೀಚಾಟ್ ಮನೆಯ ನಡುಮನೆ. ವೀಚಾಟ್‌ನ ಗೆಳೆಯರ ಪುಟದಲ್ಲಿ ಒಂದು ಪೋಸ್ಟ್‌ಗೆ ಬಂದ ಕಾಮೆಂಟನ್ನು ಕೂಡ, ಕಾಮೆಂಟ್ ಮಾಡಿದವರ ಪರಿಚಯ ನಿಮಗಿದ್ದರೆ ಮಾತ್ರ ನೀವು ನೋಡಬಹುದು. ವೆನ್‌ಝೌ ಬೋಗಿಯಿಂದ ಆ ಪ್ರಯಾಣಿಕರು ವೀಚಾಟ್‌ನಲ್ಲಿ ಬರೆದಿದ್ದರೆ ಅವರ ಬಂಧುಬಳಗಕ್ಕೆ ಗೊತ್ತಾಗುತ್ತಿತ್ತು. ಲಕ್ಷ ಅಪರಿಚಿತರಿಗೆ ಅಷ್ಟು ಸುಲಭವಾಗಿ ಗೊತ್ತಾಗುತ್ತಿರಲಿಲ್ಲ. ಹಾಗಂತ ವೀಚಾಟ್ ಮುಕ್ತ ಎಂದೂ ಅಲ್ಲ. 2014ರ ಮಾರ್ಚ್‌ನಲ್ಲೇ ಅಲ್ಲಿನ ಹಲವು ಜನಪ್ರಿಯ ಸಾರ್ವಜನಿಕ ಖಾತೆಗಳನ್ನು ಮುಚ್ಚಿಸಿದರು.

ನನ್ನ ಲೆಕ್ಕ ಹೀಗೆ. ವೀಚಾಟ್ ಇಲ್ಲದಿದ್ದರೆ ಜನ 2013ರ ನಂತರವೂ ವೀಬೊದಲ್ಲೇ ಇರುತ್ತಿದ್ದರು, ಆದರೆ ಬಾಯಿ ಮುಚ್ಚಿಕೊಂಡು. 2013ರ ಕ್ರಮಗಳು ಇಲ್ಲದಿದ್ದರೆ ಹರಟೆ ವೀಚಾಟ್‌ಗೆ ಹೋಗುತ್ತಿತ್ತು, ದೇಶದ ಮಾತು ವೀಬೊದಲ್ಲೇ ಉಳಿಯುತ್ತಿತ್ತು. ಎರಡೂ ಒಟ್ಟಿಗೆ ಬಂದದ್ದರಿಂದ ಜನರೂ ಹೋದರು, ಮಾತೂ ಹೋಯಿತು. 2013ರ ಕೊನೆಗೆ ಮೈಕ್ರೊಬ್ಲಾಗ್ ಬಳಕೆದಾರರು 28.1 ಕೋಟಿ, ಒಂದು ವರ್ಷದಲ್ಲಿ ಸುಮಾರು 2.8 ಕೋಟಿ ಕಮ್ಮಿ. 2014ರ ಕೊನೆಗೆ 24.9 ಕೋಟಿ. ನೆಟ್‌ಈಸ್ 2014ರಲ್ಲಿ ಕೈಬಿಟ್ಟಿತು. ಟೆನ್ಸೆಂಟ್ ಕೂಡ ಆ ವರ್ಷ ತನ್ನ ವೀಬೊ ತಂಡವನ್ನು ಬೇರೆಡೆಗೆ ಸೇರಿಸಿತು, ಹೆಸರಿಗೆ ಉಳಿದಿದ್ದದ್ದು 2020ರ ಸೆಪ್ಟೆಂಬರ್ 28ಕ್ಕೆ ಮುಚ್ಚಿತು.

ಸಿನಾದ ವೀಬೊ ಮುಳುಗದೆ ಇದ್ದದ್ದು ದುಡ್ಡಿನ ದಾರಿ ಸಿಕ್ಕಿದ್ದಕ್ಕೆ. 2013ರ ಏಪ್ರಿಲ್‌ನಲ್ಲಿ ಅಲಿಬಾಬಾ 58.6 ಕೋಟಿ ಡಾಲರ್ ಕೊಟ್ಟು ಶೇ 18ರಷ್ಟು ಪಾಲು ಕೊಂಡಿತು. 2014ರ ಏಪ್ರಿಲ್ 17ರಂದು ಅಮೆರಿಕದ ನ್ಯಾಸ್‌ಡಾಕ್‌ನಲ್ಲಿ ಷೇರು 17 ಡಾಲರ್‌ಗೆ ಬಂತು. ಅಗ್ಗದ ಸ್ಮಾರ್ಟ್‌ಫೋನ್ ಹಿಡಿದ ಸಣ್ಣ ಊರುಗಳ ಹುಡುಗ ಹುಡುಗಿಯರನ್ನು ಕಂಪನಿ ಹಿಡಿಯಿತು. ವಿಡಿಯೊ, ಲೈವ್, ಸಿನಿಮಾ ತಾರೆಯರ ಅಭಿಮಾನಿ ಸಂಘಗಳು. 2016ರಲ್ಲಿ 140ರ ಮಿತಿಯನ್ನೂ ತೆಗೆಯಿತು. 2017ರ ಆರಂಭಕ್ಕೆ ತಿಂಗಳ ಬಳಕೆದಾರರು 34 ಕೋಟಿ, ಟ್ವಿಟರ್‌ಗಿಂತ ಜಾಸ್ತಿ. 2018ರ ಫೆಬ್ರುವರಿಯಲ್ಲಿ ಷೇರು 140 ಡಾಲರ್ ಮುಟ್ಟಿತ್ತು. 2013ರಲ್ಲೇ ಸತ್ತಿತು ಎನ್ನುವವರು ಈ ಅಂಕಿಗಳನ್ನು ನೋಡಬೇಕು.

ಆದರೆ ಏನು ನಡೆಯುತ್ತಿತ್ತು ಅಲ್ಲಿ? 2017ರ ಅಕ್ಟೋಬರ್ 8ರಂದು ಗಾಯಕ ಲು ಹಾನ್ ತನ್ನ ಗೆಳತಿ ಯಾರೆಂದು ಪೋಸ್ಟ್ ಹಾಕಿದರು. ವೀಬೊದ ಸರ್ವರ್‌ಗಳೇ ಕುಸಿದವು. ಅವತ್ತು ಕಂಪನಿಯ ಒಬ್ಬ ಎಂಜಿನಿಯರ್‌ನ ಮದುವೆ. ಮದುಮಗ ತನ್ನ ಮದುವೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತು ಸರ್ವರ್ ಸರಿ ಮಾಡುತ್ತಿರುವ ಫೋಟೊ ಚೀನಾ ತುಂಬ ಓಡಾಡಿತು. ಆರು ವರ್ಷದ ಹಿಂದೆ ರೈಲು ಅಪಘಾತಕ್ಕೆ ಸೇರುತ್ತಿದ್ದ ಜನಸಂದಣಿ ಈಗ ತಾರೆಯ ಪ್ರೇಮಕ್ಕೆ ಸೇರುತ್ತಿತ್ತು. ತಾರೆಯರನ್ನು ಪ್ರೀತಿಸುವುದು ತಪ್ಪಲ್ಲ. ಅದೊಂದೇ ಉಳಿದದ್ದು ನನಗೆ ನೋವು.

‘ಟ್ರೆಂಡ್ ಆಯಿತು’ ಎನ್ನುತ್ತೀರಲ್ಲ, ಆ ಪಟ್ಟಿಯನ್ನೂ ಹಾಗೇ ಬಿಟ್ಟಿಲ್ಲ. 2018ರ ಜನವರಿಯಲ್ಲಿ ಅಧಿಕಾರಿಗಳು ಅದನ್ನು ಒಂದು ವಾರ ನಿಲ್ಲಿಸಿದರು. 2020ರ ಜೂನ್‌ನಲ್ಲಿ ಮತ್ತೆ ಒಂದು ವಾರ. ಎರಡನೇ ಸಲ ಕಾರಣ ಏನೆಂದರೆ, ಅಲಿಬಾಬಾದ ಅಧಿಕಾರಿಯೊಬ್ಬರ ಖಾಸಗಿ ಹಗರಣದ ಚರ್ಚೆಯಲ್ಲಿ ವೀಬೊ ಕೈಯಾಡಿಸಿತು ಎಂದು ಸರ್ಕಾರವೇ ಹೇಳಿತು. ಪಟ್ಟಿಯ ಮೇಲ್ತುದಿಯಲ್ಲಿ ಸಾಮಾನ್ಯವಾಗಿ ಸರ್ಕಾರಿ ಸುದ್ದಿ ಅಂಟಿಸಿರುತ್ತದೆ. ಹಾಗಾಗಿ ವೀಬೊ ಟ್ರೆಂಡ್ ನೋಡಿ ‘ಚೀನಾ ಜನ ಇದನ್ನು ಹೇಳುತ್ತಿದ್ದಾರೆ’ ಎಂದು ಬರೆಯುವ ಸುದ್ದಿಗಳನ್ನು ಸ್ವಲ್ಪ ಎಚ್ಚರದಿಂದ ಓದಿ. ಹೇಳಲು ಬಿಟ್ಟದ್ದರಲ್ಲಿ ಜಾಸ್ತಿ ಕೇಳಿಸಿದ್ದು ಅದು, ಅಷ್ಟೇ.

ಹಳೆಯ ವೀಬೊ ಆಗಾಗ ಎದ್ದು ಬರುತ್ತದೆ ಎಂಬುದನ್ನೂ ಹೇಳಲೇಬೇಕು. 2018ರ ಏಪ್ರಿಲ್‌ನಲ್ಲಿ ಸಲಿಂಗಿಗಳ ಬಗೆಗಿನ ಪೋಸ್ಟ್‌ಗಳನ್ನು ತೆಗೆಯುತ್ತೇವೆ ಎಂದು ಕಂಪನಿ ಪ್ರಕಟಿಸಿತು. ‘ನಾನು ಸಲಿಂಗಿ’ ಎಂದು ಜನ ಸಾಲು ಸಾಲಾಗಿ ಬರೆದರು. ಮೂರೇ ದಿನದಲ್ಲಿ ಆ ನಿರ್ಧಾರ ವಾಪಸ್. 2020ರ ಫೆಬ್ರುವರಿಯಲ್ಲಿ ವುಹಾನ್‌ನ ಕಣ್ಣಿನ ಡಾಕ್ಟರ್ ಲಿ ವೆನ್‌ಲಿಯಾಂಗ್ ಕೋವಿಡ್‌ನಿಂದ ತೀರಿಕೊಂಡರು. ಹೊಸ ಕಾಯಿಲೆಯ ಬಗ್ಗೆ ಸಹಪಾಠಿಗಳನ್ನು ವೀಚಾಟ್ ಗುಂಪಿನಲ್ಲಿ ಎಚ್ಚರಿಸಿದ್ದಕ್ಕೆ ಪೊಲೀಸರು ಅವರಿಂದ ಎಚ್ಚರಿಕೆಯ ಪತ್ರವೊಂದಕ್ಕೆ ಸಹಿ ಹಾಕಿಸಿದ್ದರು. ಆ ಕಾಗದದ ಫೋಟೊವನ್ನು ಅವರು ವೀಬೊದಲ್ಲಿ ಹಾಕಿದ್ದರು. ಅವರ ಕೊನೆಯ ಪೋಸ್ಟ್‌ನ ಕೆಳಗೆ ಹತ್ತು ಲಕ್ಷಕ್ಕೂ ಹೆಚ್ಚು ಕಾಮೆಂಟ್‌ಗಳಿವೆ. ‘ಡಾಕ್ಟರೇ, ಇವತ್ತು ಪರೀಕ್ಷೆ ಪಾಸಾದೆ’, ‘ಡಾಕ್ಟರೇ, ನಿಮಗಿಷ್ಟದ ಕೋಳಿ ಕಾಲು ತಿಂದೆ’ ಎಂಬಂಥ ಮಾತುಗಳು. ಅಧಿಕಾರಿಗಳನ್ನು ಪ್ರಶ್ನಿಸುವ ಮಾತಲ್ಲ ಅವು. ಆದರೂ ಆ ಜಾಗಕ್ಕೇ ಬಂದು ಬರೆಯುತ್ತಾರೆ. ಇನ್ನೊಂದೆಡೆ 2021ರ ನವೆಂಬರ್‌ನಲ್ಲಿ ಟೆನಿಸ್ ಆಟಗಾರ್ತಿ ಪೆಂಗ್ ಶುವಾಯಿ ಮಾಜಿ ಉಪಪ್ರಧಾನಿಯ ಮೇಲೆ ಮಾಡಿದ ಆರೋಪ ಅರ್ಧ ಗಂಟೆ ಹೊತ್ತಿಗೆ ಮಾಯವಾಯಿತು.

ವ್ಯಾಪಾರದ ಇಳಿಕೆ ಬೇರೆ, ಅದು ಇತ್ತೀಚಿನದು. ಡೌಯಿನ್ (ಚೀನಾದ ಟಿಕ್‌ಟಾಕ್), ಶಿಯಾವ್‌ಹಾಂಗ್‌ಶು ಥರದ ಆ್ಯಪ್‌ಗಳು ಜಾಹೀರಾತನ್ನು ಸೆಳೆದವು. 2021ರಲ್ಲಿ ಸರ್ಕಾರ ಅಭಿಮಾನಿ ಸಂಘಗಳ ಅತಿರೇಕಕ್ಕೆ ಕಡಿವಾಣ ಹಾಕಿತು, ವೀಬೊ ತನ್ನ ತಾರಾ ರ್‍ಯಾಂಕಿಂಗ್ ಪಟ್ಟಿಯನ್ನೇ ತೆಗೆಯಬೇಕಾಯಿತು. 2021ರಲ್ಲಿ 226 ಕೋಟಿ ಡಾಲರ್ ಇದ್ದ ಆದಾಯ 2024ಕ್ಕೆ 175 ಕೋಟಿ. 2024ರ ಕೊನೆಗೆ ಷೇರು ಹತ್ತು ಡಾಲರ್ ಆಸುಪಾಸು ಇತ್ತು. ತಿಂಗಳ ಬಳಕೆದಾರರು ಮಾತ್ರ ಆಗ 59 ಕೋಟಿ ಹತ್ತಿರ ಇದ್ದರು, ಕಂಪನಿ ಲಾಭದಲ್ಲೇ ಇತ್ತು.

ಇನ್ನು ಕೂ ವಿಷಯ. ಭಾರತಕ್ಕೂ ವೀಬೊಗೂ ನಂಟು ಕಡಿಮೆ. ಪ್ರಧಾನಿ ಮೋದಿ 2015ರಲ್ಲಿ ಅಲ್ಲಿ ಅಕೌಂಟ್ ತೆರೆದಿದ್ದರು. 2020ರ ಜೂನ್ 29ರಂದು ಸರ್ಕಾರ ನಿಷೇಧಿಸಿದ 59 ಚೀನೀ ಆ್ಯಪ್‌ಗಳಲ್ಲಿ ವೀಬೊ ಕೂಡ ಇತ್ತು, ಅದಾದ ಮೇಲೆ ಅವರು ಆ ಅಕೌಂಟ್ ಬಿಟ್ಟರು. ಕೂ ಶುರುವಾದದ್ದು ಅದೇ ವರ್ಷ, ಅದೂ ಮೊದಲು ಕನ್ನಡದಲ್ಲಿ. ಮುಚ್ಚಿದ್ದು 2024ರ ಜುಲೈನಲ್ಲಿ. ದೊಡ್ಡ ಕಂಪನಿಗಳ ಜೊತೆಗಿನ ಮಾತುಕತೆ ಫಲಿಸಲಿಲ್ಲ, ತಂತ್ರಜ್ಞಾನದ ಖರ್ಚು ಜಾಸ್ತಿ ಎಂದು ಸ್ಥಾಪಕರು ಹೇಳಿದರು.

ಹೋಲಿಸುವಾಗ ಒಂದು ವ್ಯತ್ಯಾಸವನ್ನು ಮುಖ್ಯವಾಗಿ ನೋಡಿ. ವೀಬೊ ಕಣ್ಣು ಬಿಟ್ಟಾಗ ಅದರ ದೇಶದಲ್ಲಿ ಟ್ವಿಟರ್ ಇರಲಿಲ್ಲ. ಕೂ ಬಂದಾಗ ಟ್ವಿಟರ್ ಅದೇ ಫೋನಿನಲ್ಲಿತ್ತು. ಕನ್ನಡದ ಬರಹಗಾರರು, ರಾಜಕಾರಣಿಗಳು, ಪತ್ರಕರ್ತರು ಆಗಲೇ ಅಲ್ಲಿದ್ದರು. ಕೂನಲ್ಲಿ ಬರೆದವರಲ್ಲೂ ಬಹಳ ಜನ ಅದೇ ಮಾತನ್ನು ಅಲ್ಲೂ ಹಾಕುತ್ತಿದ್ದರು. ಓದುಗ ಎರಡು ಕಡೆ ಯಾಕೆ ನೋಡಬೇಕು? ಕನ್ನಡದಲ್ಲಿ ಬರೆಯಲು ಅನುಕೂಲ ಮಾಡಿಕೊಟ್ಟದ್ದು ಕೂ ಮಾಡಿದ ನಿಜವಾದ ಉಪಕಾರ. ಆದರೆ ಕನ್ನಡಿಗರು ಅಲ್ಲಿಗೇ ಬಂದು ಕೇಳಬೇಕಾದಂಥ ಒಂದು ವಿಷಯ, ವೆನ್‌ಝೌ ರಾತ್ರಿಯಂಥದ್ದು, ಅದಕ್ಕೆ ಒದಗಲಿಲ್ಲ. ಎದುರಾಳಿಯನ್ನು ಸರ್ಕಾರವೇ ತಡೆದಿದ್ದರೆ ಕೂ ಉಳಿಯುತ್ತಿತ್ತೇನೋ. ಆ ಬೆಲೆಗೆ ಉಳಿಯುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಎದುರಾಳಿಯನ್ನು ತಡೆದ ಕೈಯೇ ವೀಬೊದ ಕಾಮೆಂಟ್ ಪೆಟ್ಟಿಗೆಯನ್ನೂ ಮೂರು ದಿನ ಮುಚ್ಚಿಸಿದ್ದು.